ಸಂಜೆ ಏಳರ ಕರೆಂಟು

ಸಾಗರ ಸೀಮೆಯ ಈ ಮೇಳದ ಮಳಿಗೆಗಳಲ್ಲಿ ಏನೇನಿದೆ ಎಂಬುದನ್ನು ಅಲ್ಲಿ ನಿಂತವರೇ ನನಗಿಂತ ಚೆನ್ನಾಗಿ ವಿವರಿಸುತ್ತಾರೆ. ನನಗೆ ಕೊಟ್ಟ ಈ ಹೊತ್ತನ್ನು ಒಂದೇ ವಿಷಯಕ್ಕೆ ಬಳಸಿಕೊಳ್ಳುತ್ತೇನೆ. ನಮ್ಮ ಮನೆ ತಿಂಗಳಿಗೆ ಎಷ್ಟು ಯೂನಿಟ್ ಬಳಸುತ್ತದೆ ಎಂಬುದು ಬಿಲ್ಲು ನೋಡಿದರೆ ತಿಳಿಯುತ್ತದೆ. ಯಾವ ಹೊತ್ತಿನಲ್ಲಿ ಬಳಸಿದೆವು ಎಂಬುದು ಅದರಲ್ಲಿ ಕಾಣುವುದಿಲ್ಲ. ಆದರೆ ಅಣೆಕಟ್ಟು ಎಷ್ಟು ದೊಡ್ಡದಾಗಬೇಕು, ಯಾವ ಕಾಡಿನಡಿ ಸುರಂಗ ಕೊರೆಯಬೇಕು ಎಂಬುದೆಲ್ಲ ಬಹುಮಟ್ಟಿಗೆ ತೀರ್ಮಾನವಾಗುವುದು ಆ ಹೊತ್ತಿನಿಂದಲೇ.

ಇದು ಹೊಸ ಮಾತೇನೂ ಅಲ್ಲ. ನಮ್ಮ ನಾಡಿನ ವಿದ್ಯುತ್ತಿನ ಕಥೆ ಶುರುವಾಗುವುದೇ ಇಲ್ಲಿಂದ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಯಾವ ಮನೆಗೂ ಅಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿಗೆ ಹಗಲೂ ರಾತ್ರಿ, ವರ್ಷವಿಡೀ ಒಂದೇ ಸಮನೆ ಕರೆಂಟು ಬೇಕಿತ್ತು. ಕಾವೇರಿಯೋ ಬೇಸಿಗೆಯಲ್ಲಿ ಸೊರಗುವ ಹೊಳೆ. ಮಳೆಗಾಲದ ನೀರನ್ನು ಬೇಸಿಗೆಯ ಗಣಿಗಾಗಿ ಹಿಡಿದಿಡಬೇಕಾಯಿತು. 1911ರಲ್ಲಿ ಕನ್ನಂಬಾಡಿಯ ಕಟ್ಟೆ ಕೆಲಸ ಆರಂಭವಾಗುವುದಕ್ಕೆ ನೀರಾವರಿಯ ಜೊತೆಗೆ ಇದೂ ಒಂದು ಬಲವಾದ ಕಾರಣ. ಬಳಸುವವನಿಗೆ ಬೇಕಾದ ಹೊತ್ತು ಒಂದು, ಹೊಳೆ ಕೊಡುವ ಹೊತ್ತು ಇನ್ನೊಂದು. ನಡುವಿನ ಅಂತರವನ್ನು ತುಂಬಲು ಜಲಾಶಯ ಬಂತು, ಜಲಾಶಯದ ಜೊತೆಗೆ ಮುಳುಗಡೆ ಬಂತು. ಮುಳುಗಡೆ ಎಂದರೇನೆಂದು ಈ ಊರಿನಲ್ಲಿ ವಿವರಿಸಬೇಕಾಗಿಲ್ಲ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಸುಮಾರು 300 ಚದರ ಕಿಲೋಮೀಟರ್ ನೆಲವನ್ನು ನುಂಗಿತು. ನೆಲ ಬಿಟ್ಟು ಬಂದವರ ಹಕ್ಕುಪತ್ರದ ಹೋರಾಟ ಮಾತ್ರ ಅರವತ್ತು ವರ್ಷ ದಾಟಿದರೂ ಮುಗಿದಿಲ್ಲ.

ಈಗ ಅದೇ ಅಂತರ ದಿನದೊಳಕ್ಕೇ ಬಂದು ಕೂತಿದೆ. ಪಾವಗಡದ ಸೋಲಾರ್ ಪಾರ್ಕ್ ಒಂದರಲ್ಲೇ 2,050 ಮೆಗಾವ್ಯಾಟ್ ಸಾಮರ್ಥ್ಯವಿದೆ. ನಡುಹಗಲಿನಲ್ಲಿ ರಾಜ್ಯದ ಬಿಸಿಲು ಧಾರಾಳವಾಗಿ ಕರೆಂಟು ಕೊಡುತ್ತದೆ. ಸಂಜೆ ಏಳಕ್ಕೆ ದೀಪ, ಟೀವಿ, ಮಿಕ್ಸಿ ಎಲ್ಲ ಒಟ್ಟಿಗೆ ಶುರುವಾದಾಗ ಆ ಫಲಕಗಳಿಂದ ಏನೂ ಸಿಗುವುದಿಲ್ಲ. ಆಗ ನಮ್ಮ ಭಾರ ಹೊರುವುದರಲ್ಲಿ ಮುಖ್ಯವಾದವು ಎರಡು. ಒಂದು, ಪರರಾಜ್ಯದ ಕಲ್ಲಿದ್ದಲು ತರಿಸಿ ಉರಿಸುವ ರಾಯಚೂರು, ಬಳ್ಳಾರಿಯ ಸ್ಥಾವರಗಳು. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲೇ ಇಲ್ಲ. ಇನ್ನೊಂದು, 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ. ಅಲ್ಲಿ ನೀರು ಬೀಳುವ ಎತ್ತರ ನಾನೂರು ಮೀಟರಿಗೂ ಮಿಕ್ಕಿದ್ದು. ಅಷ್ಟು ಎತ್ತರವಿದ್ದೂ ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ ಸಾವಿರ ಲೀಟರ್ ನೀರು ಇಳಿಯಬೇಕು.

ಈ ಲೆಕ್ಕವನ್ನು ಬಚ್ಚಲುಮನೆಗೆ ತಂದು ನೋಡಿ. ನೂರು ಲೀಟರ್ ನೀರನ್ನು ಮೂವತ್ತು ಡಿಗ್ರಿಯಷ್ಟು ಬಿಸಿ ಮಾಡಲು ಮೂರೂವರೆ ಯೂನಿಟ್ ಬೇಕು. ಅದು ಶರಾವತಿಯ ಕರೆಂಟಾದರೆ, ನೂರು ಲೀಟರ್ ಸ್ನಾನದ ನೀರಿಗಾಗಿ ಮೂರೂವರೆ ಸಾವಿರ ಲೀಟರ್ ಹೊಳೆನೀರು ಘಟ್ಟ ಇಳಿಯುತ್ತದೆ. ತಾರಸಿಯ ಮೇಲೆ ಒಂದು ಕಿಲೋವ್ಯಾಟ್ ಫಲಕ ಹಾಕಿಸಿದರೆ ಒಳ್ಳೆಯ ಬಿಸಿಲಿನ ದಿನ ಸಿಗುವುದು ನಾಲ್ಕು ಯೂನಿಟ್. ಅದಕ್ಕೆ ಬೇಕಾದ ಜಾಗ ಸುಮಾರು ನೂರು ಚದರ ಅಡಿ. ಅಂದರೆ ಆ ಫಲಕದ ದುಡಿಮೆಯ ಬಹುಪಾಲನ್ನು ಗೀಸರೊಂದೇ ತಿಂದುಹಾಕುತ್ತದೆ. ನೂರು ಲೀಟರಿನ ಸೋಲಾರ್ ವಾಟರ್ ಹೀಟರಿಗೆ ಸಾಲುವುದು ಎರಡು ಚದರ ಮೀಟರ್, ಇಪ್ಪತ್ತೊಂದು ಇಪ್ಪತ್ತೆರಡು ಚದರ ಅಡಿ. ಮೇಲಾಗಿ ಅದು ಹಗಲಿನ ಬಿಸಿಲನ್ನು ಬಿಸಿನೀರಾಗಿಯೇ ಹಿಡಿದಿಟ್ಟು ಮರುದಿನ ಬೆಳಗ್ಗೆ ಕೊಡುತ್ತದೆ, ಬ್ಯಾಟರಿಯ ಹಂಗಿಲ್ಲ. ಹೀಗಾಗಿ ಮನೆಗೆ ಮೊದಲು ಬರಬೇಕಾದದ್ದು ಹೊಳೆಯುವ ನೀಲಿ ಫಲಕವಲ್ಲ, ಹಳೆಯದಾಯಿತೆಂದು ಈಗ ಯಾರೂ ಕೊಂಡಾಡದ ವಾಟರ್ ಹೀಟರು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನೆಟ್ ಮೀಟರಿಂಗ್ ಇದೆಯಲ್ಲ, ಹಗಲು ಕೊಟ್ಟದ್ದನ್ನು ರಾತ್ರಿ ವಾಪಸು ಪಡೆಯುತ್ತೇವಲ್ಲ ಎಂದು ಕೇಳುವವರಿದ್ದಾರೆ. ವಾಪಸು ಬರುವುದು ಲೆಕ್ಕದಲ್ಲಿ ಮಾತ್ರ. ತಂತಿ ಕರೆಂಟನ್ನು ಕೂಡಿಡುವುದಿಲ್ಲ. ಮಧ್ಯಾಹ್ನ ಕೊಟ್ಟ ಯೂನಿಟನ್ನು ಆ ಕ್ಷಣವೇ ಯಾರೋ ಬಳಸಿರುತ್ತಾರೆ. ಇಷ್ಟು ಮಾತ್ರ ನಿಜ: ಹಗಲಿನ ಸೋಲಾರ್ ಇರುವುದರಿಂದ ಲಿಂಗನಮಕ್ಕಿಯ ನೀರನ್ನು ಸಂಜೆಗೆಂದು ಉಳಿಸಲು ಸಾಧ್ಯ, ಅದರಲ್ಲೂ ನೀರು ಕೆಳಗಿಳಿಯುವ ಬೇಸಿಗೆಯಲ್ಲಿ. ಅದು ದೊಡ್ಡ ಉಪಕಾರವೇ. ಆದರೆ ಮಧ್ಯಾಹ್ನ ಜಲವಿದ್ಯುತ್ತನ್ನು ಪೂರ್ತಿ ನಿಲ್ಲಿಸಿದ ಮೇಲೆ ಉಳಿಸಲು ಇನ್ನೇನೂ ಇರುವುದಿಲ್ಲ. ಕಲ್ಲಿದ್ದಲ ಸ್ಥಾವರಗಳನ್ನೂ ಒಂದು ಮಿತಿಗಿಂತ ಕೆಳಗೆ ಇಳಿಸಲಾಗದು. ಮಿಕ್ಕ ಹಗಲಿನ ಕರೆಂಟನ್ನು ಸಂಜೆಗೆ ಸಾಗಿಸಬೇಕೆಂದೇ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ ಮತ್ತೆ ಬೀಳಿಸುವ 2,000 ಮೆಗಾವ್ಯಾಟಿನ ಭೂಗತ ಯೋಜನೆ ಹುಟ್ಟಿಕೊಂಡದ್ದು. ಅದು ಸಿಂಗಳೀಕಗಳ ಅಭಯಾರಣ್ಯದ ಒಡಲನ್ನೇ ಕೊರೆಯುವ ಕೆಲಸ. ಹೀಗೆ ಎತ್ತಿ ಬೀಳಿಸುವುದರಲ್ಲಿ ಸುಮಾರು ಐದನೇ ಒಂದು ಪಾಲು ಕರೆಂಟು ದಾರಿಯಲ್ಲೇ ಕಳೆದುಹೋಗುತ್ತದೆ. ಒಮ್ಮೆ ಮುಳುಗಿದ ಈ ಕಣಿವೆಯನ್ನು ಮತ್ತೊಮ್ಮೆ ಕೇಳುವ ಮುನ್ನ, ಸಂಜೆಯ ಬೇಡಿಕೆಯಲ್ಲಿ ಹಗಲಿಗೆ ಸರಿಸಬಹುದಾದದ್ದೆಲ್ಲವನ್ನೂ ಸರಿಸಿ ನೋಡಿದ್ದೇವೆಯೇ? ನೋಡಿಲ್ಲ ಎಂಬುದು ನನ್ನ ದೂರು. ತೊಟ್ಟಿ ತುಂಬಿಸುವ ಮೋಟರು, ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿ, ಸ್ಕೂಟರಿನ ಚಾರ್ಜು, ಅಡಿಕೆ ಸುಲಿಯುವ ಯಂತ್ರ, ಇವು ಯಾವುದಕ್ಕೂ ಸಂಜೆಯೇ ಆಗಬೇಕೆಂಬ ಹಟವಿಲ್ಲ.

ಬ್ಯಾಟರಿಯನ್ನು ನಾನು ತಳ್ಳಿಹಾಕುತ್ತಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಒಂಟಿಮನೆಗಳಿಗೆ ದೀಪಕ್ಕೆ, ಫೋನಿಗೆ ಅದು ಬೇಕೇ ಬೇಕು. ಗೀಸರಿಗೆ ಅದನ್ನು ನಂಬುವುದು ದುಂದು. ಮಲೆನಾಡಿನ ಮಳೆಯಲ್ಲಿ ಸೋಲಾರ್ ನಡೆಯುವುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಳುವರಿ ನಿಜವಾಗಿಯೂ ಕುಗ್ಗುತ್ತದೆ. ಆದರೆ ಅದೇ ತಿಂಗಳುಗಳಲ್ಲಿ ಮನೆ ಹಿಂದಿನ ಹಳ್ಳ ತುಂಬಿ ಹರಿಯುತ್ತದೆ. ಅಂಥ ಹಳ್ಳಕ್ಕೆ ಪುಟ್ಟ ಟರ್ಬೈನ್ ಕೂರಿಸಿಕೊಂಡ ಮನೆಗಳು ಮಲೆನಾಡಿನಲ್ಲಿ ಇವೆ. ಆ ಕರೆಂಟು ಸಂಜೆಯೂ ಬರುತ್ತದೆ, ನಡುರಾತ್ರಿಯೂ ಬರುತ್ತದೆ. ಕೊಟ್ಟಿಗೆಯಿದ್ದವರಿಗೆ ಗೋಬರ್ ಗ್ಯಾಸ್ ಇದೆ. ಅಡಿಕೆ ಸಿಪ್ಪೆ ಉರಿಸುವ ಹಂಡೆ ಒಲೆಯೂ, ಹೊಗೆ ಹೊರಹೋಗುವಂತಿದ್ದರೆ, ಸಂಜೆಯ ಭಾರವನ್ನು ಇಳಿಸುವ ಸಾಧನವೇ. ಇನ್ನು, ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಿಲ್ಲೇ ಇಲ್ಲ, ಈ ಚಿಂತೆ ಯಾಕೆ ಎನ್ನುವ ಮಾತು. 2023ರಿಂದ ಅನೇಕ ಬಡ ಮನೆಗಳಿಗೆ ಅದು ಉಸಿರಾಡುವಷ್ಟು ಅವಕಾಶ ಕೊಟ್ಟಿದೆ, ಅದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳಲಾರೆ. ಬಿಲ್ಲು ಸೊನ್ನೆಯಾದರೂ ಇಳಿಯುವ ನೀರು ಸೊನ್ನೆಯಾಗುವುದಿಲ್ಲ ಎಂದಷ್ಟೇ ನೆನಪಿಸುತ್ತೇನೆ.

ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಫಲಕಕ್ಕೆ ಇಷ್ಟು ಕೊಡುವ ಸರ್ಕಾರ, ಹೊತ್ತು ನೋಡಿ ಬಳಸುವವರಿಗೂ ಏನಾದರೂ ಕೊಡಬೇಕು. ಬಿಸಿಲಿನ ಹೊತ್ತಿನ ದರ ಮಾಮೂಲಿ ದರಕ್ಕಿಂತ ಕನಿಷ್ಠ ಶೇ. 20ರಷ್ಟು ಕಡಿಮೆಯಿರಬೇಕೆಂದು ಕೇಂದ್ರ ಸರ್ಕಾರ 2023ರಲ್ಲೇ ನಿಯಮ ಮಾಡಿದೆ. ಅದರ ಲಾಭ ಮನೆಗೆ ಮುಟ್ಟಬೇಕಾದರೆ ಗಂಟೆವಾರು ಲೆಕ್ಕ ಹಿಡಿಯುವ ಮೀಟರು ಬೇಕು, ಮನೆಗೊಪ್ಪುವ ದರಪಟ್ಟಿ ಬೇಕು. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಮುನ್ನ ಜನರ ಅಹವಾಲು ಕೇಳುತ್ತದೆ. ಮುಂದಿನ ವಿಚಾರಣೆಯಲ್ಲಿ ಈ ಎರಡು ಬೇಡಿಕೆಗಳನ್ನು ಸಾಗರದವರು ಬರೆದುಕೊಡಬೇಕು. ಕರಡು ಬರೆಯುವ ಕೆಲಸ ನನಗೆ ವಹಿಸಿದರೆ ಸಂತೋಷದಿಂದ ಮಾಡಿಕೊಡುತ್ತೇನೆ. ಮೇಳ ಉದ್ಘಾಟನೆಯಾಗಿದೆ. ವಾಟರ್ ಹೀಟರಿನ ಮಳಿಗೆಗೆ ಮೊದಲು ಹೋಗಿ.