ಅಂಕ ಕೊಡುವುದಕ್ಕೂ ಒಂದು ಅಳತೆ



ಸಂತೆಯಲ್ಲಿ ತೂಕ ಕಡಿಮೆಯಾದರೆ ತಕ್ಕಡಿ ನೋಡಿ ಕೇಳುತ್ತೇವೆ. ಅಂಕ ಕಡಿಮೆಯಾಯಿತೆನಿಸಿದಾಗ ಏನನ್ನು ನೋಡಿ ಕೇಳಬೇಕು? 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಸಂಶೋಧಕರು ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯನ್ನು ಅನೇಕ ಶಿಕ್ಷಕರಿಗೆ ಕಳುಹಿಸಿದರು. ನೂರಕ್ಕೆ ಒಬ್ಬರು 64 ಕೊಟ್ಟರೆ, ಇನ್ನೊಬ್ಬರು 98 ಕೊಟ್ಟರು. ಬರೆದವರು ಒಬ್ಬರೇ, ನೋಡಿದ ಕಣ್ಣುಗಳು ಬೇರೆ.

ಲಿಖಿತ ಪರೀಕ್ಷೆಗೆ ಮಾದರಿ ಉತ್ತರಗಳಿರುತ್ತವೆ. ಆದರೆ ಎಸ್‌ಎಸ್‌ಎಲ್‌ಸಿಯ ಗಣಿತ, ವಿಜ್ಞಾನದಂತಹ ವಿಷಯಗಳಲ್ಲಿ 100ರ ಪೈಕಿ 20 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಅಲ್ಲಿನ ಯೋಜನಾ ಕಾರ್ಯಕ್ಕೆ ಒಂದೇ ಸರಿಯುತ್ತರವಿಲ್ಲ. ಇಲ್ಲಿ ನೆರವಾಗುವುದೇ ರೂಬ್ರಿಕ್, ಅಂದರೆ ಯಾವ ಅಂಶಕ್ಕೆ, ಯಾವ ಮಟ್ಟಕ್ಕೆ, ಎಷ್ಟು ಅಂಕ ಎಂದು ಮೊದಲೇ ಬರೆದಿಟ್ಟ ಪಟ್ಟಿ.

‘ನಮ್ಮೂರಿನ ನೀರು’ ಎಂಬ ಯೋಜನಾ ಕಾರ್ಯ ಕೊಟ್ಟಿದ್ದಾರೆಂದು ಭಾವಿಸೋಣ. ಮಾನ್ವಿಯ ವಿದ್ಯಾರ್ಥಿನಿ ತುಂಗಭದ್ರಾ ಎಡದಂಡೆ ಕಾಲುವೆಯ ಬಗ್ಗೆ ಬರೆಯುತ್ತಾಳೆ. ದೇವದುರ್ಗದವನು ನಾರಾಯಣಪುರ ಬಲದಂಡೆ ಕಾಲುವೆಯನ್ನು, ರಾಯಚೂರು ನಗರದವನು ಮನೆಯ ನಲ್ಲಿಯನ್ನು ಆರಿಸಿಕೊಳ್ಳುತ್ತಾರೆ. ವಿಷಯ ಮೂರಾದರೂ ಅಳತೆ ಒಂದೇ ಇರಬಹುದು. ಮಾಹಿತಿ ಸಂಗ್ರಹಕ್ಕೆ 4, ಕಾರಣಗಳ ವಿವರಣೆಗೆ 4, ಸ್ಪಷ್ಟ ಬರವಣಿಗೆಗೆ 2, ಒಟ್ಟು 10 ಅಂಕ. ಮಾಹಿತಿ ಸಂಗ್ರಹದಲ್ಲಿ ತಾನೇ ಕಂಡದ್ದನ್ನೂ ಊರವರಿಂದ ಕೇಳಿದ್ದನ್ನೂ ದಿನಾಂಕದೊಡನೆ ಬರೆದಿದ್ದರೆ 4. ಯಾರನ್ನು, ಯಾವಾಗ ಕೇಳಿದ್ದೆಂದು ಹೇಳದಿದ್ದರೆ 2. ಬರಿಯ ನಕಲಾದರೆ ಸೊನ್ನೆ.

ಈಗ ಎರಡು ಬರಹಗಳನ್ನು ಹೋಲಿಸಿ. ಒಂದಕ್ಕೆ ಬಣ್ಣದ ಚಿತ್ರಗಳು, ಹೊಳೆಯುವ ಹೊದಿಕೆ. ಒಳಗಿರುವುದೆಲ್ಲ ಎಲ್ಲಿಂದಲೋ ಇಳಿಸಿಕೊಂಡದ್ದು. ಇನ್ನೊಂದು ಗೆರೆ ಹಾಳೆಯಲ್ಲಿದೆ. ‘ಕಾಲುವಿ ನೀರು ಕೊನೀತನಕ ಬರಂಗಿಲ್ಲ’ ಎಂದು ಮನೆಮಾತಿನಲ್ಲೇ ಬರೆದು, ಮೇಲ್ಭಾಗದ ಹೊಲಗಳು ಹೆಚ್ಚು ನೀರು ಎಳೆದುಕೊಳ್ಳುವುದೇ ಕಾರಣವೆಂದು ತೋರಿಸಿದೆ. ಪಟ್ಟಿಯಿಲ್ಲದಿದ್ದರೆ ಹೊದಿಕೆಯೇ ಗೆದ್ದೀತು. ಪಟ್ಟಿಯಿದ್ದರೆ ಎರಡನೆಯ ಬರಹಕ್ಕೆ ಸಲ್ಲಬೇಕಾದದ್ದು ಸಲ್ಲುತ್ತದೆ.

ಆದರೆ ಪಟ್ಟಿ ಮಾಡಿದ ಮಾತ್ರಕ್ಕೆ ನ್ಯಾಯ ದೊರೆಯದು. ‘ಆಕರ್ಷಕ ಹೊದಿಕೆಗೆ 3 ಅಂಕ’ ಎಂದು ಬರೆದರೆ, ಹಣವಿಲ್ಲದ ಮನೆಯ ಮಗುವಿಗೆ ಆಗುವ ಅನ್ಯಾಯಕ್ಕೆ ನಿಯಮದ ಮುದ್ರೆ ಒತ್ತಿದಂತೆ. ಆದ್ದರಿಂದ ಪಟ್ಟಿಯನ್ನು ಕೆಲಸಕ್ಕೆ ಮೊದಲೇ ತಿಳಿಸಬೇಕು. ಹೆಸರು ಮರೆಮಾಡಿ ಓದಬೇಕು. ಇಬ್ಬರು ಶಿಕ್ಷಕರು ಒಂದೇ ಬರಹಕ್ಕೆ ಬೇರೆಬೇರೆಯಾಗಿ ಅಂಕ ಕೊಟ್ಟು, ವ್ಯತ್ಯಾಸ ಬಂದಲ್ಲಿ ಚರ್ಚಿಸಬೇಕು.

ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಲು ಪರೀಕ್ಷಾರ್ಥಿಗೆ ಅವಕಾಶವಿದೆಯೆಂದು ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪಿತ್ತಿತು. ನೋಡುವ ಹಕ್ಕಿನ ಜೊತೆಗೆ ನೋಡಿ ಅರ್ಥಮಾಡಿಕೊಳ್ಳುವ ಶಕ್ತಿಯೂ ಬೇಕು. ‘ಸಾರ್, ನನಗೇಕೆ ಕಡಿಮೆ?’ ಎನ್ನುವ ಬದಲು ‘ಕಾರಣಗಳ ವಿವರಣೆಯಲ್ಲಿ ನನ್ನದು ಯಾವ ಮಟ್ಟ, ಮುಂದಿನ ಮಟ್ಟಕ್ಕೆ ಏನು ಬೇಕು?’ ಎಂದು ಕೇಳಿ. ನಿಮ್ಮ ಬರಹವನ್ನು ಒಪ್ಪಿಸುವ ಮುನ್ನ ಗೆಳೆಯರೊಡನೆ ಬದಲಾಯಿಸಿಕೊಂಡು, ಇದೇ ಪಟ್ಟಿಯಿಂದ ಅಳೆಯಿರಿ. ಪ್ರತಿ ಅಂಕಕ್ಕೂ ಬರಹದ ಒಂದು ಸಾಲನ್ನು ಆಧಾರವಾಗಿ ತೋರಿಸಿ. ಇನ್ನೊಬ್ಬರ ಕೆಲಸವನ್ನು ನ್ಯಾಯವಾಗಿ ತೂಗಲು ಕಲಿತವರಿಗೆ ತಮ್ಮ ಕೆಲಸದ ಕೊರತೆಯೂ ಬೇಗ ಕಾಣುತ್ತದೆ.