ಕಾಕಾನ ಅಂಗಿ ಜೇಬಿನ ನಕ್ಷೆ

ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ರಾತ್ರಿ ಬಸ್ಸು ಹತ್ತಿದವರಿಗೆ ಬೆಂಗಳೂರೆಂದರೆ ಮೊದಲು ಮೆಜೆಸ್ಟಿಕ್. ಜಯದೇವ ಆಸ್ಪತ್ರೆಗೆ ಹೊರಟ ಕಾಕಾನಿಗೆ ನಾನು ಮೆಟ್ರೊ ನಕ್ಷೆಯನ್ನು ಬಣ್ಣದಲ್ಲೇ ಪ್ರಿಂಟ್ ತೆಗೆಸಿಕೊಟ್ಟೆ. ಮೊಬೈಲಿನ ಚಾರ್ಜು ಬೆಳಗಾಗುವಷ್ಟರಲ್ಲಿ ಮುಗಿದೀತು. ಕಾಗದಕ್ಕೆ ಆ ಭಯವಿಲ್ಲ.

ಮೆಜೆಸ್ಟಿಕ್‌ನಲ್ಲಿ ನೇರಳೆ, ಹಸಿರು ಮಾರ್ಗಗಳು ಕೂಡುತ್ತವೆ. ಹಸಿರು ಗೆರೆ ಹಿಡಿದು ಚಿಕ್ಕಪೇಟೆಯಿಂದ ಎಣಿಸಿದರೆ ಏಳನೆಯದು ಆರ್.ವಿ. ರಸ್ತೆ. ಅಲ್ಲಿಂದ 2025ರಲ್ಲಿ ಶುರುವಾದ ಹಳದಿ ಮಾರ್ಗ. ರಾಗಿಗುಡ್ಡ ದಾಟಿದರೆ ಜಯದೇವ.

“ಏಳು ಎಣಿಸಿ ಇಳೀರಿ ಕಾಕಾ, ಆಮೇಲೆ ಎರಡು.”

1931ರಲ್ಲಿ ಲಂಡನ್ನಿನ ಹ್ಯಾರಿ ಬೆಕ್ ಅಲ್ಲಿನ ಮೆಟ್ರೊಗೆ ದೂರದ ಅಳತೆ ಬಿಟ್ಟು, ನಿಲ್ದಾಣಗಳ ಸಾಲನ್ನಷ್ಟೇ ಉಳಿಸಿ ನಕ್ಷೆ ಬರೆದದ್ದು ಓದು ಬಾರದ ನಮ್ಮ ಕಾಕಾನಿಗೂ ಒದಗಿತು. ಎಷ್ಟು ದೊಡ್ಡ ಉಪಕಾರ!

ಮರಳಿ ಬಂದಾಗ ಹಾಳೆ ಮಡಿಕೆಯಲ್ಲಿ ಹರಿದಿತ್ತು. ಜಯದೇವದ ಚುಕ್ಕೆಯ ಮೇಲೆ ಬೆವರಿನ ಬೆರಳಚ್ಚು.