ಮಿರಜಿನಲ್ಲಿ ಕಲಿತ ಮಲ್ಲಿಕಾರ್ಜುನ ಮನ್ಸೂರರು
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಪಂಡಿತ ಮಲ್ಲಿಕಾರ್ಜುನ ಮನ್ಸೂರರನ್ನು ಧಾರವಾಡದವರು ತಮ್ಮವರೆಂದು ಹೇಳಿಕೊಳ್ಳುವುದು ಸಹಜ. 1910ರಲ್ಲಿ ಅವರು ಜನಿಸಿದ ಮನ್ಸೂರು ಆ ನಗರದ ಮಗ್ಗುಲಲ್ಲಿಯೇ ಇದೆ. 1992ರ ಸೆಪ್ಟೆಂಬರಿನಲ್ಲಿ ಅವರು ಅಸುನೀಗುವವರೆಗೂ ಅವರ ಸಂಸಾರ ಧಾರವಾಡದಲ್ಲಿಯೇ ನೆಲೆಸಿತ್ತು. ಆದರೂ ಜತ್ತ ಸೀಮೆಯ ಕನ್ನಡಿಗರಾದ ನಮಗೂ ಅವರ ಮೇಲೆ ತುಸು ಹಕ್ಕುಂಟು. ಅವರು ಹಿಂದುಸ್ತಾನಿ ಸಂಗೀತವನ್ನು ಅಭ್ಯಸಿಸಿದ್ದು ನಮ್ಮ ಜಿಲ್ಲೆಯ ಮಿರಜಿನಲ್ಲಿ, ಗ್ವಾಲಿಯರ್ ಘರಾಣೆಯ ನೀಲಕಂಠಬುವಾ ಆಲೂರಮಠರ ಬಳಿಯಲ್ಲಿ.

ಅದಕ್ಕೂ ಮೊದಲು ಅವರು ನಾಟಕದ ಹುಡುಗ. ಅಪ್ಪಯ್ಯಸ್ವಾಮಿಗಳಿಂದ ಕರ್ನಾಟಕ ಸಂಗೀತವನ್ನು ಕಲಿತಿದ್ದರು. ಮಿರಜಿನ ತರುವಾಯ ಅವರನ್ನು ತಿದ್ದಿದವರು ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಕ್ಕಳು. ಹಿರಿಯರಾದ ಮಂಜೀ ಖಾನರ ಪಾಠ ಬಹುಕಾಲ ನಡೆಯಲಿಲ್ಲ. 1937ರಲ್ಲಿ ಗುರುಗಳು ಅಕಾಲದಲ್ಲಿ ತೀರಿಕೊಂಡರು. ಅಲ್ಲಿಗೇ ನಿಂತುಬಿಡಬಹುದಾಗಿದ್ದ ವಿದ್ಯೆಯನ್ನು ತಮ್ಮಂದಿರಾದ ಭೂರ್ಜೀ ಖಾನರು ಮುಂದುವರಿಸಿದರು. ಶಿಷ್ಯನ ಹಣೆಯ ವಿಭೂತಿಯಾಗಲಿ, ಗುರುವಿನ ನಮಾಜಾಗಲಿ ಆ ಕಲಿಕೆಗೆ ಅಡ್ಡ ಬರಲಿಲ್ಲ. ಇಂದಿನ ದಿನಗಳಲ್ಲಿ ಇದನ್ನು ತುಸು ಗಟ್ಟಿಯಾಗಿಯೇ ಹೇಳಬೇಕೆನಿಸುತ್ತದೆ.

ಅವರ ಗಾಯನದಲ್ಲಿ ದೀರ್ಘ ಪೀಠಿಕೆಯಿಲ್ಲ. ಚೀಜಿನ ಮೊದಲ ಮಾತಿನಿಂದಲೇ ರಾಗ ಎದ್ದು ನಿಲ್ಲುತ್ತದೆ; ಒಂದು ಸ್ವರಗುಚ್ಛ ಮುಗಿಯುವ ಮುನ್ನವೇ ಇನ್ನೊಂದು ಅದಕ್ಕೆ ಹೆಣೆದುಕೊಂಡು, ತಾಳದ ಸಮ್ ಮೇಲೆ ಅನಾಯಾಸವಾಗಿ ಬಂದು ಕೂರುತ್ತದೆ. ಶಿವಮತ ಭೈರವ, ಬಿಹಾರಿ, ಶುದ್ಧ ನಟ್ ಮೊದಲಾದ ಅಪರೂಪದ ರಾಗಗಳು ಅವರ ಕಂಠದಲ್ಲಿ ಮನೆಮಾತಿನಷ್ಟು ಸಲೀಸು. ಕೇಳದವರಿಗೆ ಇದನ್ನು ಮಾತಿನಲ್ಲಿ ತಿಳಿಸುವುದು ಕಷ್ಟ. ಧ್ವನಿಮುದ್ರಿಕೆಗಳಿವೆ, ದಯವಿಟ್ಟು ಮನೆಯಲ್ಲಿ ಮಕ್ಕಳೊಡನೆ ಕುಳಿತು ಕೇಳಿರಿ.

ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅವರಿಗೆ ಅಚಲವಾದ ಭಕ್ತಿ. ಮನೆಗೂ 'ಮೃತ್ಯುಂಜಯ' ಎಂದೇ ಹೆಸರು. ಪತ್ನಿ ಗಂಗಮ್ಮನವರು, ಏಳು ಜನ ಹೆಣ್ಣುಮಕ್ಕಳು, ಒಬ್ಬ ಮಗ. ಸಂಗೀತವನ್ನೇ ನಂಬಿ ಇಷ್ಟು ದೊಡ್ಡ ಸಂಸಾರವನ್ನು ಸಾಗಿಸುವುದು ಎಂಥ ಹೊಣೆಯೆಂಬುದನ್ನು ಪಾಲಕರಾದ ತಾವು ಬಲ್ಲಿರಿ. ಮಗ ರಾಜಶೇಖರರು ಇಂಗ್ಲಿಷ್ ಪ್ರಾಧ್ಯಾಪಕರಾಗಿಯೂ ತಂದೆಯ ಗಾಯನಕ್ಕೆ ವಾರಸುದಾರರಾದರು. ಮಗಳು ನೀಲಾ ಕೊಡ್ಲಿಯವರೂ ಹಾಡಿದರು.

ಖಾನಸಾಹೇಬರು ಕಲಿಸಿದ ಚೀಜುಗಳ ಭಾಷೆ ಬ್ರಜ, ಮಿರಜಿನ ಬೀದಿಯ ಮಾತು ಮರಾಠಿ. ಆ ಎರಡನ್ನೂ ತನ್ನದಾಗಿಸಿಕೊಂಡ ಅದೇ ಕಂಠ ಶರಣರ ವಚನಗಳಿಗೂ ರಾಗದ ಆಸರೆ ಕೊಟ್ಟಿತು. ಆತ್ಮಕಥೆಯನ್ನು ಅವರು ಬರೆದದ್ದೂ ಕನ್ನಡದಲ್ಲಿ. ಅದರ ಹೆಸರು 'ನನ್ನ ರಸಯಾತ್ರೆ'. ಅದನ್ನು ಇಂಗ್ಲಿಷಿಗೆ ತಂದವರು ಮಗ ರಾಜಶೇಖರರೇ. ಮನೆಮಾತು ಉಳಿದರೆ ಹೊರಗಿನ ವಿದ್ಯೆ ಕೈತಪ್ಪೀತೆಂದು ಅಂಜುವ ಪಾಲಕರಿಗಾಗಿಯೇ ಆ ಪುಸ್ತಕದ ಪ್ರತಿಯೊಂದು ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಇರಬೇಕೆಂದು ಆಡಳಿತ ಮಂಡಳಿಯನ್ನು ವಿನಂತಿಸುತ್ತೇನೆ.

ವಚನ ಹಾಡುವ ಮಕ್ಕಳು ಆಗಲೇ ಪೆಟ್ಟಿಗೆಯ ಶ್ರುತಿ ಹಿಡಿದು ಕುಳಿತಿದ್ದಾರೆ. ಅವರಿಗೆ ವೇದಿಕೆಯನ್ನು ಬಿಟ್ಟುಕೊಡುತ್ತೇನೆ.